ಹಳೆಯ ಯಂತ್ರಕ್ಕೆ ಹೊಸ ಮಿದುಳು ಬೇಕೆ?

ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಅಡ್ಡರಸ್ತೆಗಳಲ್ಲಿ ಸಣ್ಣ ಶೆಡ್ಡುಗಳಿಗೆ ಲೆಕ್ಕವಿಲ್ಲ. ತಗಡಿನ ಮಾಡು, ಬಾಗಿಲ ಬಳಿ ಡ್ರಮ್ಮುಗಳಲ್ಲಿ ತುಂಬಿಟ್ಟ ಕಬ್ಬಿಣದ ಚೂರು, ಒಳಗೆ ಎರಡೋ ಮೂರೋ ಯಂತ್ರ, ನಾಲ್ಕಾರು ಜನ ಕೆಲಸಗಾರರು. ದೊಡ್ಡ ಕಾರ್ಖಾನೆಗಳು ಕೊಡುವ ಜಾಬ್ ವರ್ಕ್ ನೆಚ್ಚಿಕೊಂಡ ಇಂಥ ಶೆಡ್ಡುಗಳಲ್ಲಿ ಸಂಪಾದನೆಯ ಬಹುಪಾಲು ಒಂದೇ ಒಂದು ಸಿಎನ್‌ಸಿ ಯಂತ್ರದಿಂದ ಬರುವುದುಂಟು. ಆ ಯಂತ್ರಕ್ಕೆ ಇಪ್ಪತ್ತೈದು, ಮೂವತ್ತು ವರ್ಷ ವಯಸ್ಸಾಗಿರುವುದು, ಬೇರೆಯವರು ಬಳಸಿದ್ದನ್ನು ಎರಡನೇ ಕೈಯಲ್ಲಿ ಕೊಂಡದ್ದಾಗಿರುವುದು ಅಪರೂಪವೇನಲ್ಲ.

ಅಂಥ ಯಂತ್ರ ಒಂದು ಬೆಳಿಗ್ಗೆ ಅಲಾರಂ ತೋರಿಸಿ ನಿಂತುಬಿಟ್ಟಿತೆನ್ನಿ. ಮಾಲೀಕನ ಮುಂದೆ ಮೂರು ದಾರಿಗಳು ತೆರೆದುಕೊಳ್ಳುತ್ತವೆ. ಕೆಟ್ಟ ಬೋರ್ಡನ್ನು ರಿಪೇರಿ ಮಾಡಿಸಬಹುದು. ಯಂತ್ರದ ಒಡಲನ್ನು ಹಾಗೆಯೇ ಉಳಿಸಿಕೊಂಡು ಅದರ ನಿಯಂತ್ರಣ ವ್ಯವಸ್ಥೆಯನ್ನಷ್ಟೇ ಕಿತ್ತು ಹೊಸದನ್ನು ಕೂರಿಸಬಹುದು. ಇದಕ್ಕೆ ಉದ್ಯಮದವರು ರೆಟ್ರೊಫಿಟ್ ಎನ್ನುತ್ತಾರೆ. ಅಥವಾ ಎಲ್ಲವನ್ನೂ ಗುಜರಿಗೆ ಹಾಕಿ ಹೊಸ ಯಂತ್ರಕ್ಕೆ ಸಾಲ ಮಾಡಬಹುದು. ರಿಪೇರಿ ಮಾಡುವವರು ರಿಪೇರಿ ಸಾಕೆನ್ನುತ್ತಾರೆ, ಕಂಟ್ರೋಲ್ ಮಾರುವವರು ರೆಟ್ರೊಫಿಟ್ ಎನ್ನುತ್ತಾರೆ, ಹೊಸ ಯಂತ್ರದ ಮಾರಾಟಗಾರರು ಮೂರನೆಯ ದಾರಿ ತೋರಿಸುತ್ತಾರೆ. ತೀರ್ಮಾನ ತಪ್ಪಿದರೆ ನಷ್ಟ ಹಣದ್ದಷ್ಟೇ ಅಲ್ಲ. ವಾಯಿದೆಗೆ ಮಾಲು ಕೊಡದವನಿಗೆ ಮುಂದಿನ ಆರ್ಡರ್ ಸಿಗುವುದು ಕಷ್ಟ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದೆಂಬ ಗಾದೆ ಈ ವ್ಯವಹಾರಕ್ಕೂ ಸಲ್ಲುತ್ತದೆ.

ಈ ಪ್ರಶ್ನೆ ಎಲೆಕ್ಟ್ರಾನಿಕ್ಸ್‌ಗೆ ಸಂಬಂಧಿಸಿದ್ದೆಂದು ಮೇಲ್ನೋಟಕ್ಕೆ ಕಾಣುತ್ತದೆ. ಆದರೆ ಅದರ ಉತ್ತರ ಮುಕ್ಕಾಲು ಪಾಲು ಅಡಗಿರುವುದು ಕಬ್ಬಿಣದಲ್ಲಿ. ಹೇಗೆಂದು ತಿಳಿಯಲು ಈ ಯಂತ್ರದ ರಚನೆಯನ್ನೂ ಅದು ಹುಟ್ಟಿ ಬಂದ ದಾರಿಯನ್ನೂ ಸ್ವಲ್ಪ ನೋಡಬೇಕು.

ಒಡಲು, ನರ, ಮಿದುಳು

ಸಾಮಾನ್ಯ ಲೇತ್ ಯಂತ್ರದಲ್ಲಿ ಕೆಲಸಗಾರ ಕೈಯಿಂದ ಚಕ್ರ ತಿರುಗಿಸಿ ಟೂಲನ್ನು ಮುಂದೆ ಹಿಂದೆ ಸರಿಸುತ್ತಾನೆ. ಎಷ್ಟು ಸರಿಸಬೇಕೆಂಬುದು ಅವನ ಕಣ್ಣು, ಕೈ, ಅನುಭವಕ್ಕೆ ಬಿಟ್ಟದ್ದು. ಸಿಎನ್‌ಸಿ, ಅಂದರೆ ಕಂಪ್ಯೂಟರ್ ಮೂಲಕ ಅಂಕಿಗಳಿಂದ ನಿಯಂತ್ರಿಸುವ ಯಂತ್ರದಲ್ಲಿ, ಆ ಚಕ್ರದ ಜಾಗದಲ್ಲಿ ಸರ್ವೊ ಮೋಟರ್ ಇರುತ್ತದೆ. ಮೋಟರ್ ತಿರುಗಿದಂತೆ ಬಾಲ್ ಸ್ಕ್ರೂ ಎಂಬ ಉದ್ದನೆಯ ತಿರುಪು ತಿರುಗಿ ಸ್ಲೈಡನ್ನು ಸರಿಸುತ್ತದೆ. ಎಷ್ಟು ತಿರುಗಿತು ಎಂಬುದನ್ನು ಎನ್‌ಕೋಡರ್ ಎಂಬ ಸಾಧನ ಎಣಿಸಿ ಕಂಟ್ರೋಲ್‌ಗೆ ವರದಿ ಮಾಡುತ್ತದೆ. ಹೇಳಿದ್ದಕ್ಕೂ ಆಗಿದ್ದಕ್ಕೂ ವ್ಯತ್ಯಾಸವಿದ್ದರೆ ಕಂಟ್ರೋಲ್ ಒಡನೆಯೇ ತಿದ್ದುತ್ತದೆ. ಈ ಲೆಕ್ಕ ನಡೆಯುವುದು ಮೈಕ್ರಾನುಗಳಲ್ಲಿ. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ಮನುಷ್ಯನ ತಲೆಕೂದಲಿನ ದಪ್ಪ ಸುಮಾರು 70 ಮೈಕ್ರಾನ್.

ಮನುಷ್ಯನ ದೇಹಕ್ಕೆ ಹೋಲಿಸುವುದಾದರೆ ಎರಕದ ಬೆಡ್, ಸ್ಲೈಡ್, ಸ್ಪಿಂಡಲ್, ಬಾಲ್ ಸ್ಕ್ರೂ ಇವು ಒಡಲು. ಮೋಟರುಗಳು ಸ್ನಾಯು. ಮೋಟರಿಗೆ ಬೇಕಾದ ವಿದ್ಯುತ್ತನ್ನು ಅಳೆದು ಕೊಡುವ ಡ್ರೈವ್, ಎನ್‌ಕೋಡರ್, ಕೇಬಲ್ಲುಗಳು ನರಮಂಡಲ. ಪರದೆಯ ಹಿಂದಿರುವ ಕಂಟ್ರೋಲ್ ಮಿದುಳು. ಇವಲ್ಲದೆ ಚಕ್ ಹಿಡಿದಿದೆಯೇ, ಬಾಗಿಲು ಮುಚ್ಚಿದೆಯೇ, ಕೂಲೆಂಟ್ ಪಂಪು ಓಡುತ್ತಿದೆಯೇ, ಟೂಲ್ ಬದಲಾಯಿತೇ ಎಂದು ನೋಡಿಕೊಳ್ಳುವ ಇನ್ನೊಂದು ಪ್ರೋಗ್ರಾಂ ಇರುತ್ತದೆ. ಏಣಿಯ ಮೆಟ್ಟಿಲಿನಂತೆ ಬರೆಯುವುದರಿಂದ ಅದಕ್ಕೆ ಲ್ಯಾಡರ್ ಎಂದು ಹೆಸರು. ಅದನ್ನು ಬರೆಯುವವರು ಸಾಮಾನ್ಯವಾಗಿ ಕಂಟ್ರೋಲ್ ತಯಾರಕರಲ್ಲ, ಯಂತ್ರ ತಯಾರಕರು. ಒಂದೊಂದು ಮಾದರಿ ಯಂತ್ರಕ್ಕೆ ಒಂದೊಂದು ಲ್ಯಾಡರ್. ಈ ಸಂಗತಿಯನ್ನು ನೆನಪಿಡಬೇಕು. ರೆಟ್ರೊಫಿಟ್ಟಿನ ಕಷ್ಟವೆಲ್ಲ ಬಹುಮಟ್ಟಿಗೆ ಇಲ್ಲಿಂದಲೇ ಹುಟ್ಟುತ್ತದೆ.

ಮೊದಲ ಯಂತ್ರವೇ ರೆಟ್ರೊಫಿಟ್

ಹಳೆಯ ಯಂತ್ರಕ್ಕೆ ಹೊಸ ಮಿದುಳು ಕೂರಿಸುವುದು ಕಾಸಿಲ್ಲದವರ ಉಪಾಯವೆಂಬ ಭಾವನೆ ಕೆಲವರಲ್ಲಿದೆ. ಚರಿತ್ರೆ ಬೇರೆಯದನ್ನೇ ಹೇಳುತ್ತದೆ. ಅಮೆರಿಕದ ಮಿಶಿಗನ್ ರಾಜ್ಯದ ಟ್ರಾವರ್ಸ್ ಸಿಟಿಯಲ್ಲಿ ಜಾನ್ ಪಾರ್ಸನ್ಸ್ ಎಂಬ ಉದ್ಯಮಿ 1940ರ ದಶಕದಲ್ಲಿ ಹೆಲಿಕಾಪ್ಟರಿನ ರೆಕ್ಕೆಗಳನ್ನು ತಯಾರಿಸುತ್ತಿದ್ದರು. ರೆಕ್ಕೆಯ ಬಾಗುಗಳನ್ನು ಕರಾರುವಾಕ್ಕಾಗಿ ಕತ್ತರಿಸುವುದು ದೊಡ್ಡ ತಲೆನೋವಾಗಿತ್ತು. ಪಾರ್ಸನ್ಸ್ ಮತ್ತು ಅವರ ಸಹೋದ್ಯೋಗಿ ಫ್ರಾಂಕ್ ಸ್ಟುಲೆನ್ ರಂಧ್ರ ಹೊಡೆದ ಕಾರ್ಡುಗಳ ಲೆಕ್ಕದ ಯಂತ್ರದಿಂದ ಬಾಗಿನ ಮೇಲಿನ ಬಿಂದುಗಳನ್ನು ಕಂಡುಹಿಡಿದು, ಆ ಅಂಕಿಗಳ ಪ್ರಕಾರ ಯಂತ್ರವನ್ನು ಸರಿಸುವ ವಿಧಾನ ರೂಪಿಸಿದರು. ಅಂಕಿಗಳೇ ನೇರವಾಗಿ ಯಂತ್ರವನ್ನು ನಡೆಸಿದರೆ ಹೇಗೆ ಎಂಬ ಯೋಚನೆ ಅಲ್ಲಿಂದ ಬಂತು.

1949ರಲ್ಲಿ ಅಮೆರಿಕದ ವಾಯುಪಡೆ ಇದಕ್ಕೆ ಹಣ ಒದಗಿಸಿತು. ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಪ್ರಯೋಗಾಲಯ ಕೆಲಸ ಕೈಗೆತ್ತಿಕೊಂಡು 1952ರಲ್ಲಿ ಯಂತ್ರವನ್ನು ಜನರ ಮುಂದೆ ಓಡಿಸಿ ತೋರಿಸಿತು. ಆ ಸಂಶೋಧಕರು ಹೊಸ ಯಂತ್ರವನ್ನೇನೂ ಎರಕ ಹೊಯ್ಯಲಿಲ್ಲ. ಸಿನ್ಸಿನಾಟಿ ಕಂಪನಿಯ ಹೈಡ್ರೊಟೆಲ್ ಎಂಬ ಮಿಲ್ಲಿಂಗ್ ಯಂತ್ರವನ್ನು ತೆಗೆದುಕೊಂಡು, ರಂಧ್ರಗಳ ಪಟ್ಟಿಯನ್ನು ಓದುವ, ನೂರಾರು ನಿರ್ವಾತ ನಳಿಗೆಗಳುಳ್ಳ ನಿಯಂತ್ರಣ ವ್ಯವಸ್ಥೆಯನ್ನು ಅದಕ್ಕೆ ಜೋಡಿಸಿದರು. ಅಂಕಿಗಳಿಂದ ನಡೆದ ಆ ಮೊದಲ ಯಂತ್ರವೇ ಒಂದು ರೆಟ್ರೊಫಿಟ್. ಒಡಲು ಬೇರೆ, ಮಿದುಳು ಬೇರೆ, ಎರಡನ್ನೂ ಬೇರೆ ಬೇರೆ ಕಾಲದಲ್ಲಿ ಕೂಡಿಸಬಹುದು ಎಂಬುದು ಈ ತಂತ್ರಜ್ಞಾನದ ಹುಟ್ಟುಗುಣ.

ಮುಂದೆ ಜಪಾನಿನಲ್ಲಿ ಫುಜಿತ್ಸು ಕಂಪನಿಯೊಳಗೆ 1956ರಲ್ಲಿ ಈ ಕೆಲಸ ಆರಂಭಿಸಿದ ತಂಡ 1972ರಲ್ಲಿ ಪ್ರತ್ಯೇಕ ಸಂಸ್ಥೆಯಾಗಿ ಫಾನುಕ್ ಎಂದು ಹೆಸರಾಯಿತು. ಜರ್ಮನಿಯ ಸೀಮೆನ್ಸ್ ತನ್ನ ಸೈನುಮೆರಿಕ್ ಕಂಟ್ರೋಲುಗಳನ್ನು ತಂದಿತು. ಮೈಕ್ರೊಪ್ರೊಸೆಸರ್ ಬಂದ ಮೇಲೆ ಕಪಾಟಿನಷ್ಟಿದ್ದ ಮಿದುಳು ಪೆಟ್ಟಿಗೆಯಷ್ಟಾಯಿತು. ಯಂತ್ರ ತಯಾರಿಸುವವರು ಒಬ್ಬರು, ಕಂಟ್ರೋಲ್ ತಯಾರಿಸುವವರು ಇನ್ನೊಬ್ಬರು ಎಂಬ ವ್ಯವಸ್ಥೆ ಜಗತ್ತಿನಾದ್ಯಂತ ಗಟ್ಟಿಯಾಯಿತು.

ಬೆಂಗಳೂರಿನ ಪಾಲು

ಬೆಂಗಳೂರಿಗೆ ಈ ವಿಷಯ ಮನೆಯದೇ ಆಗಿದೆ. 1953ರಲ್ಲಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಸಂಸ್ಥೆಯ ಸಹಯೋಗದಿಂದ ಜಾಲಹಳ್ಳಿಯಲ್ಲಿ ಹಿಂದುಸ್ತಾನ್ ಮೆಷಿನ್ ಟೂಲ್ಸ್ ಸ್ಥಾಪನೆಯಾಯಿತು. ಎಚ್‌ಎಂಟಿ ಎಂದರೆ ಕೈಗಡಿಯಾರ ಎಂದೇ ಜನ ನೆನೆಯುತ್ತಾರಾದರೂ ಅದು ಹುಟ್ಟಿದ್ದು ಲೇತ್ ಮಾಡುವುದಕ್ಕೆ. 1961ರಲ್ಲಿ ಭಾರತ್ ಫ್ರಿಟ್ಜ್ ವರ್ನರ್, 1962ರಲ್ಲಿ ತುಮಕೂರು ರಸ್ತೆಯ ಕೇಂದ್ರೀಯ ಮೆಷಿನ್ ಟೂಲ್ ಸಂಸ್ಥೆ, 1972ರಲ್ಲಿ ಡೆನ್ಮಾರ್ಕ್ ನೆರವಿನ ಸರ್ಕಾರಿ ಟೂಲ್ ರೂಂ ಮತ್ತು ತರಬೇತಿ ಕೇಂದ್ರ, 1979ರಲ್ಲಿ ಏಸ್ ಡಿಸೈನರ್ಸ್ ಹೀಗೆ ಒಂದರ ಬೆನ್ನಿಗೆ ಒಂದು ಬಂದವು. ಎಚ್‌ಎಎಲ್, ಐಟಿಐ, ಬಿಇಎಲ್‌ಗಳಂಥ ದೊಡ್ಡ ಕಾರ್ಖಾನೆಗಳಿಗೆ ಬಿಡಿಭಾಗ ಒದಗಿಸುವ ಸಣ್ಣ ಉದ್ದಿಮೆಗಳು ಬೆಳೆದವು. 1970ರ ದಶಕದಲ್ಲಿ ರೂಪುಗೊಂಡ ಪೀಣ್ಯ ಅವುಗಳ ತವರಾಯಿತು.

1991ರ ಆರ್ಥಿಕ ಉದಾರೀಕರಣದ ನಂತರ ಜಪಾನ್, ಜರ್ಮನಿಗಳ ಬಳಸಿದ ಯಂತ್ರಗಳೂ ಸಣ್ಣ ಉದ್ದಿಮೆದಾರರ ಕೈಗೆಟುಕತೊಡಗಿದವು. ಹೊಸದನ್ನು ಕೊಳ್ಳಲಾಗದವರಿಗೆ ಇದು ದೊಡ್ಡ ಅನುಕೂಲ. ಆದರೆ ಆ ಯಂತ್ರಗಳೊಂದಿಗೆ ಅವುಗಳ ವಿದ್ಯುತ್ ನಕ್ಷೆ ಎಷ್ಟೋ ಸಲ ಬರಲಿಲ್ಲ. ಬಂದರೂ ಜಪಾನಿ ಭಾಷೆಯಲ್ಲಿತ್ತು. ಆ ಕೊರತೆಯ ಬೆಲೆ ತಿಳಿಯುವುದು ಯಂತ್ರ ನಿಂತ ದಿನ.

ಎರಡು ಬಗೆಯ ಆಯುಸ್ಸು

ಒಳ್ಳೆಯ ಎರಕದ ಬೆಡ್‌ಗೆ ಎಣ್ಣೆ ತಪ್ಪದೆ ಸಿಗುತ್ತಿದ್ದರೆ ಅದು ಮೂವತ್ತು ನಲವತ್ತು ವರ್ಷ ದುಡಿಯಬಲ್ಲದು. ಸವೆದ ಸ್ಲೈಡನ್ನು ಮತ್ತೆ ಉಜ್ಜಿ, ಕೈಯಿಂದ ಸ್ಕ್ರೇಪಿಂಗ್ ಮಾಡಿ ಸಮ ಮಾಡಬಹುದು. ಎಲೆಕ್ಟ್ರಾನಿಕ್ಸಿನ ಆಯುಸ್ಸು ಹಾಗಲ್ಲ. ವಿದ್ಯುತ್ತನ್ನು ಹಿಡಿದಿಟ್ಟು ಕೊಡುವ ಎಲೆಕ್ಟ್ರೊಲಿಟಿಕ್ ಕೆಪ್ಯಾಸಿಟರುಗಳೊಳಗಿನ ದ್ರವ ವರ್ಷಗಳು ಕಳೆದಂತೆ ಒಣಗುತ್ತದೆ. ಸುತ್ತಲಿನ ಉಷ್ಣತೆ 10 ಡಿಗ್ರಿ ಏರಿದರೆ ಅವುಗಳ ಆಯುಸ್ಸು ಅರ್ಧಕ್ಕಿಳಿಯುತ್ತದೆ ಎಂಬುದು ಎಂಜಿನಿಯರುಗಳ ಸಾಮಾನ್ಯ ಲೆಕ್ಕ. ತಗಡಿನ ಮಾಡಿನ ಕೆಳಗೆ, ಫ್ಯಾನ್ ನಿಂತುಹೋದ ಪ್ಯಾನೆಲ್ ಪೆಟ್ಟಿಗೆಯೊಳಗೆ ಏಪ್ರಿಲ್ ತಿಂಗಳಲ್ಲಿ ಎಷ್ಟು ಸೆಕೆ ಇರುತ್ತದೆಂದು ಊಹಿಸಿಕೊಳ್ಳಬಹುದು. ಇದರ ಮೇಲೆ ಕೂಲೆಂಟಿನ ಆವಿ, ಎಣ್ಣೆಯ ಜಿಡ್ಡು, ಕಬ್ಬಿಣದ ಪುಡಿ.

ಇನ್ನೂ ಒಂದು ತೊಡಕಿದೆ. ಬೋರ್ಡು ಗಟ್ಟಿಯಾಗಿದ್ದರೂ ಅದಕ್ಕೆ ಬೇಕಾದ ಚಿಪ್ ತಯಾರಿಕೆ ನಿಂತುಹೋಗಿರುತ್ತದೆ. ಕೆಲವು ಕಂಟ್ರೋಲ್ ತಯಾರಕರು ದಶಕಗಳ ಕಾಲ ಬಿಡಿಭಾಗ, ದುರಸ್ತಿ ಒದಗಿಸುತ್ತಾರೆ. ಕೆಲವು ಕಂಪನಿಗಳೇ ಈಗಿಲ್ಲ. ಆದ್ದರಿಂದ ಒಂದೇ ವಯಸ್ಸಿನ ಎರಡು ಯಂತ್ರಗಳ ಭವಿಷ್ಯ ಬೇರೆ ಬೇರೆಯಾಗಬಹುದು. ಉದಾಹರಣೆಗೆ 1985ರಲ್ಲಿ ಬಂದ ಫಾನುಕ್ ಸೀರೀಸ್ 0 ಕಂಟ್ರೋಲ್ ಬಹುದೊಡ್ಡ ಸಂಖ್ಯೆಯಲ್ಲಿ ತಯಾರಾದದ್ದು. ಅದನ್ನು ಬಲ್ಲ ಮೆಕ್ಯಾನಿಕ್‌ಗಳೂ ಹೆಚ್ಚು, ಹಳೆಯ ಬೋರ್ಡುಗಳ ಓಡಾಟವೂ ಹೆಚ್ಚು. ಹೆಸರೇ ಕೇಳದ ಕಂಪನಿಯ ಕಂಟ್ರೋಲ್ ಇರುವ ಯಂತ್ರಕ್ಕೆ ಈ ಭಾಗ್ಯವಿಲ್ಲ.

ಮೊದಲು ಕಬ್ಬಿಣದ ಪರೀಕ್ಷೆ

ಕಂಟ್ರೋಲ್ ಕೆಟ್ಟಾಗ ಎಲ್ಲರ ಕಣ್ಣೂ ಪರದೆಯ ಕಡೆಗೆ ಹೋಗುತ್ತದೆ. ಅನುಭವಸ್ಥರು ಮೊದಲು ನೋಡುವುದು ಬೆಡ್ ಮತ್ತು ಸ್ಪಿಂಡಲ್. ಏಕೆಂದರೆ ಸವೆದ ಒಡಲಿಗೆ ಎಂಥ ಮಿದುಳು ಕೂರಿಸಿದರೂ ಅದು ಕತ್ತರಿಸುವ ಮಾಲು ಅಳತೆಗೆ ಬರುವುದಿಲ್ಲ. ಹಾಗೆ ಮಾಡಿದರೆ ಮೂಗಿಗಿಂತ ಮೂಗುತಿ ಭಾರವಾದಂತೆ.

ಪರೀಕ್ಷೆ ಕಷ್ಟದ್ದಲ್ಲ. ಡಯಲ್ ಗೇಜ್ ಒಂದನ್ನು ಸ್ಲೈಡಿಗೆ ತಾಗಿಸಿಟ್ಟು, ಅತ್ತ ಒಂದಿಷ್ಟು ಇತ್ತ ಒಂದಿಷ್ಟು ಸರಿಸಿದರೆ ಬಾಲ್ ಸ್ಕ್ರೂವಿನ ಸಡಿಲ, ಅಂದರೆ ಬ್ಯಾಕ್‌ಲ್ಯಾಶ್, ಎಷ್ಟೆಂದು ತಿಳಿಯುತ್ತದೆ. ಇದನ್ನು ಒಂದೇ ಕಡೆ ನೋಡಿದರೆ ಸಾಲದು. ಲೇತ್‌ನಲ್ಲಿ ಕೆಲಸವೆಲ್ಲ ಚಕ್ ಹತ್ತಿರವೇ ನಡೆಯುವುದರಿಂದ ಸವೆತವೂ ಅಲ್ಲೇ ಹೆಚ್ಚು. ಆಚೆ ತುದಿ ಹೊಸದರಂತಿರುತ್ತದೆ. ಎಲ್ಲ ಕಡೆ ಒಂದೇ ಸಮನಾದ ಸಡಿಲವಿದ್ದರೆ ಕಂಟ್ರೋಲ್‌ನಲ್ಲಿ ಅಷ್ಟು ಅಂಕಿ ತುಂಬಿ ಸರಿದೂಗಿಸಬಹುದು. ಅಲ್ಲೊಂದು ಇಲ್ಲೊಂದು ಅಳತೆ ಬಂದರೆ ಆ ಉಪಾಯ ನಡೆಯದು, ಸ್ಕ್ರೂವನ್ನೇ ಬದಲಿಸಬೇಕು ಅಥವಾ ಮತ್ತೆ ಗ್ರೈಂಡ್ ಮಾಡಿಸಬೇಕು. ಸ್ಪಿಂಡಲ್ಲಿಗೆ ನೇರವಾದ ಪರೀಕ್ಷಾ ದಂಡ ಸಿಕ್ಕಿಸಿ ತಿರುಗಿಸಿದರೆ ಬೇರಿಂಗಿನ ಸ್ಥಿತಿ ಗೊತ್ತಾಗುತ್ತದೆ. ಮಿಲ್ಲಿಂಗ್ ಯಂತ್ರವಾದರೆ ಬಾಲ್ ಬಾರ್ ಎಂಬ ಸಾಧನ ಕಟ್ಟಿ ವೃತ್ತಾಕಾರವಾಗಿ ಸುತ್ತಿಸುತ್ತಾರೆ. ವೃತ್ತ ಎಲ್ಲಿ ಅಂಕುಡೊಂಕಾಯಿತು ಎಂಬುದರಿಂದ ಸ್ಲೈಡಿನ ದೋಷ ಯಾವುದು, ಸರ್ವೊ ದೋಷ ಯಾವುದು ಎಂದು ಬಿಡಿಸಿ ಹೇಳಬಹುದು.

ಯಂತ್ರವೇ ನಿಂತುಹೋದ ಮೇಲೆ ಇವುಗಳಲ್ಲಿ ಕೆಲವು ಪರೀಕ್ಷೆಗಳನ್ನು ಮಾಡುವುದು ಕಷ್ಟ. ಆಗ ಸಾಕ್ಷಿ ಹೇಳುವವನು ಆಪರೇಟರ್. ಕಳೆದ ಆರು ತಿಂಗಳಲ್ಲಿ ಅಳತೆ ತಪ್ಪಿ ಎಷ್ಟು ಮಾಲು ವಾಪಸು ಬಂತು, ದಿನಕ್ಕೆ ಎಷ್ಟು ಸಲ ಆಫ್‌ಸೆಟ್ ತಿದ್ದಬೇಕಾಗುತ್ತಿತ್ತು ಎಂದು ಅವನನ್ನು ಕೇಳಬೇಕು. ಬೆಳಿಗ್ಗೆ ಒಮ್ಮೆ ತಿದ್ದಿ ಸಂಜೆಯವರೆಗೆ ಓಡಿಸುತ್ತಿದ್ದರೆ ಒಡಲು ಗಟ್ಟಿಯಾಗಿದೆ ಎಂದರ್ಥ. ಹತ್ತು ಪೀಸಿಗೊಮ್ಮೆ ತಿದ್ದುತ್ತಿದ್ದರೆ ಹೊಸ ಕಂಟ್ರೋಲಿನ ಮಾತೆತ್ತುವ ಮುನ್ನ ಯೋಚಿಸಬೇಕು.

ರೋಗ ಎಲ್ಲಿದೆ?

ಒಡಲು ಗಟ್ಟಿಯಿದೆ ಎಂದಾದ ಮೇಲೆ ಎರಡನೆಯ ಪ್ರಶ್ನೆ, ನಿಜವಾಗಿ ಕೆಟ್ಟಿರುವುದು ಏನು? ಕಂಟ್ರೋಲ್ ಕೆಟ್ಟಿದೆ ಎಂದು ದೂರು ಬಂದ ಎಷ್ಟೋ ಕಡೆ ಕೆಟ್ಟಿರುವುದು ಕಂಟ್ರೋಲ್ ಅಲ್ಲ. ತುಕ್ಕು ಹಿಡಿದ ಲಿಮಿಟ್ ಸ್ವಿಚ್, ಇಲಿ ಕಡಿದ ಕೇಬಲ್, ಕೂಲೆಂಟ್ ನುಗ್ಗಿದ ಎನ್‌ಕೋಡರ್, ಸುಟ್ಟ ಕಾಂಟ್ಯಾಕ್ಟರ್, ನಿಂತ ಫ್ಯಾನ್, ವೋಲ್ಟೇಜ್ ಇಳಿದ ಪವರ್ ಸಪ್ಲೈ ಇವುಗಳಲ್ಲಿ ಯಾವುದೇ ಆಗಿರಬಹುದು. ಇಂಥವುಗಳಿಗೆ ರೆಟ್ರೊಫಿಟ್ ಮಾಡಿಸುವುದೆಂದರೆ ನೆಗಡಿಗೆ ಮೂಗು ಕೊಯ್ದಂತೆ.

ಅತಿ ಸಣ್ಣ ಕಾರಣದಿಂದ ಅತಿ ದೊಡ್ಡ ಗಾಬರಿ ಹುಟ್ಟಿಸುವುದು ಬ್ಯಾಟರಿ. ಹಳೆಯ ಕಂಟ್ರೋಲುಗಳಲ್ಲಿ ಯಂತ್ರದ ಗುಣಲಕ್ಷಣಗಳೆಲ್ಲ ಪ್ಯಾರಾಮೀಟರ್ ಎಂಬ ಅಂಕಿಗಳ ರೂಪದಲ್ಲಿ ನೆನಪಿನ ಚಿಪ್ಪಿನಲ್ಲಿರುತ್ತವೆ. ವಿದ್ಯುತ್ ಇಲ್ಲದಾಗ ಆ ನೆನಪನ್ನು ಕಾಯುವುದು ಬ್ಯಾಟರಿ. ಫಾನುಕ್ ಸೀರೀಸ್ 0 ಕಂಟ್ರೋಲಿನಲ್ಲಿ ಇದು ಟಾರ್ಚಿಗೆ ಹಾಕುವಂಥ ಮೂರು ದಪ್ಪ ಸೆಲ್ಲುಗಳಷ್ಟೆ. ಅವನ್ನು ಯಂತ್ರದ ವಿದ್ಯುತ್ ಇರುವಾಗಲೇ ಬದಲಿಸಬೇಕು. ಆರಿಸಿ ಬದಲಿಸಿದರೆ, ಅಥವಾ ದೀರ್ಘ ರಜೆಯಲ್ಲಿ ಸೆಲ್ ಸತ್ತರೆ, ಪ್ಯಾರಾಮೀಟರುಗಳೆಲ್ಲ ಅಳಿಸಿಹೋಗುತ್ತವೆ. ಯಂತ್ರಕ್ಕೆ ತಾನು ಯಾರೆಂಬುದೇ ಮರೆತುಹೋಗುತ್ತದೆ. ಬೋರ್ಡಿಗೆ ಏನೂ ಆಗಿರುವುದಿಲ್ಲ. ಅಂಕಿಗಳನ್ನು ಮರಳಿ ತುಂಬಿದರೆ ಯಂತ್ರ ಓಡುತ್ತದೆ. ಆ ಅಂಕಿಗಳ ಹಾಳೆ ಪ್ಯಾನೆಲ್ ಬಾಗಿಲಿನ ಒಳಗೆ ಇಟ್ಟಿರುತ್ತಿದ್ದರು. ಅದು ಉಳಿದಿದೆಯೇ ಎಂಬುದೇ ಪ್ರಶ್ನೆ.

ಬೋರ್ಡೇ ಕೆಟ್ಟಿದ್ದರೂ ಹತಾಶರಾಗಬೇಕಿಲ್ಲ. ಕೆಪ್ಯಾಸಿಟರ್, ಟ್ರಾನ್ಸಿಸ್ಟರ್, ರಿಲೇ ಮುಂತಾದವನ್ನು ಬಿಡಿಬಿಡಿಯಾಗಿ ಪರೀಕ್ಷಿಸಿ ಬದಲಿಸುವ ಕೈಗಳು ನಗರದಲ್ಲಿವೆ. ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಬಿಡಿಭಾಗಗಳು ಸಿಗುತ್ತವೆ. ಹಳೆಯ ಯಂತ್ರಗಳಿಂದ ತೆಗೆದ ಬೋರ್ಡುಗಳನ್ನು ಮಾರುವವರೂ ಇದ್ದಾರೆ. ಅಂಥ ಬೋರ್ಡು ಕೊಳ್ಳುವಾಗ ಅದರ ಮೇಲಿನ ಪೂರ್ತಿ ಸಂಖ್ಯೆಯನ್ನು ಹೊಂದಿಸಿ ನೋಡಬೇಕು, ಓಡುವ ಯಂತ್ರದಲ್ಲಿ ಹಾಕಿ ತೋರಿಸುವಂತೆ ಕೇಳಬೇಕು.

ರೆಟ್ರೊಫಿಟ್ ಎಂದರೆ ಎಷ್ಟು?

ರೆಟ್ರೊಫಿಟ್ ಎಂಬ ಒಂದೇ ಪದದೊಳಗೆ ಬೇರೆ ಬೇರೆ ಗಾತ್ರದ ಕೆಲಸಗಳಿವೆ. ಕಂಟ್ರೋಲ್ ಮಾತ್ರ ಬದಲಿಸಿ ಹಳೆಯ ಡ್ರೈವ್, ಮೋಟರುಗಳನ್ನು ಉಳಿಸಿಕೊಳ್ಳುವುದು ಒಂದು ಬಗೆ. ಹಳೆಯ ಡ್ರೈವ್‌ಗಳಲ್ಲಿ ಹಲವು ಪ್ಲಸ್ 10ರಿಂದ ಮೈನಸ್ 10 ವೋಲ್ಟಿನ ಸಂಕೇತವನ್ನು ಒಪ್ಪುತ್ತವೆ. ಅಂಥ ಸಂಕೇತ ಕೊಡುವ ಹೊಸ ಕಂಟ್ರೋಲುಗಳು ಈಗಲೂ ಸಿಗುತ್ತವೆ, ಹೀಗಾಗಿ ಎರಡಕ್ಕೂ ಮಾತುಕತೆ ಕುದುರುತ್ತದೆ. ಕೆಲವು ಕಂಪನಿಗಳ ಡ್ರೈವ್‌ಗಳಾದರೋ ತಮ್ಮದೇ ಕಂಟ್ರೋಲಿನ ಭಾಷೆಯನ್ನಲ್ಲದೆ ಬೇರೆ ಭಾಷೆ ಅರಿಯವು. ಅಲ್ಲಿ ಮಿದುಳಿನ ಜೊತೆಗೆ ನರಮಂಡಲವನ್ನೂ ಸ್ನಾಯುವನ್ನೂ ಬದಲಿಸಬೇಕು. ಕಾರ್ಬನ್ ಬ್ರಷ್ ಸವೆಯುವ ಹಳೆಯ ಡಿಸಿ ಮೋಟರುಗಳಿದ್ದರೆ ಹೇಗೂ ಅವನ್ನು ತೆಗೆಯುವುದೇ ಲೇಸೆನ್ನುವವರಿದ್ದಾರೆ. ಆಗ ಖರ್ಚು ಹಲವು ಪಟ್ಟು ಏರುತ್ತದೆ.

ಬಿಲ್ಲಿನಲ್ಲಿ ಕಾಣದ ಕೆಲಸ ಲ್ಯಾಡರಿನದು. ಹಳೆಯ ಯಂತ್ರದ ಟೂಲ್ ಬದಲಿಸುವ ತೋಳು ಮೊದಲು ಯಾವ ಕಡೆ ತಿರುಗುತ್ತದೆ, ಯಾವ ಸ್ವಿಚ್ ಒತ್ತಿದ ಮೇಲೆ ಯಾವ ವಾಲ್ವ್ ತೆರೆಯಬೇಕು, ಎಷ್ಟು ಹೊತ್ತು ಕಾಯಬೇಕು ಎಂಬುದೆಲ್ಲ ಹಳೆಯ ಲ್ಯಾಡರಿನಲ್ಲಿತ್ತು. ಕಂಟ್ರೋಲನ್ನು ಕಿತ್ತ ಕೂಡಲೇ ಆ ತಿಳಿವಳಿಕೆ ಅದರೊಡನೆ ಹೋಗುತ್ತದೆ. ಹೊಸದಾಗಿ ಬರೆಯುವ ಎಂಜಿನಿಯರ್ ಒಂದೊಂದು ತಂತಿಯನ್ನೂ ಹುಡುಕಿ ಗುರುತು ಹಾಕಬೇಕು. ಸರಳ ಲೇತ್ ಆದರೆ ಇದು ಅಷ್ಟು ಕಷ್ಟವಲ್ಲ. ಟೂಲ್ ಮ್ಯಾಗಜಿನ್, ಪ್ಯಾಲೆಟ್ ಬದಲಾವಣೆ, ಹೈಡ್ರಾಲಿಕ್ ವ್ಯವಸ್ಥೆಗಳಿರುವ ದೊಡ್ಡ ಮೆಷಿನಿಂಗ್ ಸೆಂಟರ್ ಆದರೆ ವಾರಗಟ್ಟಲೆ ಹಿಡಿಯುತ್ತದೆ. ಸುರಕ್ಷತೆಯ ವಿಷಯವೂ ಇಲ್ಲೇ ಬರುತ್ತದೆ. ಮೇಲಿಂದ ಕೆಳಗೆ ಚಲಿಸುವ ಭಾರವಾದ ತಲೆಯನ್ನು ವಿದ್ಯುತ್ ಹೋದಾಗ ಹಿಡಿದು ನಿಲ್ಲಿಸುವುದು ಬ್ರೇಕ್. ಅದನ್ನು ಬಿಡುವ ಹಿಡಿಯುವ ಕ್ರಮ ಒಂದು ಕ್ಷಣ ತಪ್ಪಿದರೂ ತಲೆ ಕೆಳಗೆ ಕುಸಿಯಬಹುದು. ತುರ್ತು ನಿಲುಗಡೆಯ ಗುಂಡಿ, ಬಾಗಿಲ ಸ್ವಿಚ್‌ಗಳನ್ನು ಆಮೇಲೆ ನೋಡೋಣ ಎಂದು ಬಿಟ್ಟು ಯಂತ್ರ ಓಡಿಸುವುದು ಕೆಲಸಗಾರನ ಕೈಯನ್ನು ಪಣಕ್ಕಿಟ್ಟಂತೆ.

ಕಡಿಮೆ ಖರ್ಚಿನ ದಾರಿಯೂ ಇದೆ. ಅಮೆರಿಕದ ಸರ್ಕಾರಿ ಮಾನಕ ಸಂಸ್ಥೆಯಲ್ಲಿ 1990ರ ದಶಕದಲ್ಲಿ ಶುರುವಾದ ತಂತ್ರಾಂಶವೊಂದು ಇಂದು ಲಿನಕ್ಸ್‌ಸಿಎನ್‌ಸಿ ಎಂಬ ಹೆಸರಿನಲ್ಲಿ ಉಚಿತವಾಗಿ ಸಿಗುತ್ತದೆ. ಸಾಮಾನ್ಯ ಕಂಪ್ಯೂಟರಿನಿಂದಲೇ ಯಂತ್ರ ನಡೆಸಬಹುದು. ಆದರೆ ತಂತ್ರಾಂಶ ಉಚಿತವೆಂದ ಮಾತ್ರಕ್ಕೆ ಅದನ್ನು ಯಂತ್ರಕ್ಕೆ ಹೊಂದಿಸುವ ದುಡಿಮೆ ಉಚಿತವಲ್ಲ. ರಾತ್ರಿ ಪಾಳಿಯಲ್ಲಿ ನಿಂತರೆ ಬಂದು ನೋಡುವವರು ಯಾರು ಎಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು.

ಒಂದು ಲೆಕ್ಕ

ತೀರ್ಮಾನಕ್ಕೆ ನೆರವಾಗಲೆಂದು ಒಂದು ಕಾಲ್ಪನಿಕ ಲೆಕ್ಕ ಹಾಕಿ ನೋಡಬಹುದು. ಯಂತ್ರ ಗಂಟೆಗೆ 400 ರೂಪಾಯಿ ದುಡಿಯುತ್ತದೆ, ದಿನಕ್ಕೆ 16 ಗಂಟೆ ಓಡುತ್ತದೆ ಎಂದಿಟ್ಟುಕೊಳ್ಳಿ. ಒಂದು ದಿನ ನಿಂತರೆ 6,400 ರೂಪಾಯಿ ಖೋತಾ. ರಿಪೇರಿಗೆ 60,000 ರೂಪಾಯಿ, ಐದು ದಿನ ಬೇಕು ಎನ್ನೋಣ. ನಿಂತ ದಿನಗಳ ನಷ್ಟ 32,000 ಸೇರಿ ಒಟ್ಟು 92,000. ರೆಟ್ರೊಫಿಟ್ಟಿಗೆ 7 ಲಕ್ಷ, ಮೂವತ್ತು ದಿನ ಎಂದರೆ, ನಷ್ಟದ 1,92,000 ಸೇರಿ ಒಟ್ಟು 8,92,000.

ಅಂದರೆ ಒಂದು ರೆಟ್ರೊಫಿಟ್ಟಿನ ಹಣದಲ್ಲಿ ಹೆಚ್ಚುಕಡಿಮೆ ಹತ್ತು ರಿಪೇರಿ ಆಗುತ್ತವೆ. ಯಂತ್ರ ವರ್ಷಕ್ಕೊಮ್ಮೆ ಕೈಕೊಡುತ್ತಿದ್ದರೆ ರೆಟ್ರೊಫಿಟ್ ಹಣ ಹುಟ್ಟಲು ಹತ್ತು ವರ್ಷ ಬೇಕು. ಅಷ್ಟರಲ್ಲಿ ಹೊಸ ಕಂಟ್ರೋಲೂ ಹಳೆಯದಾಗುತ್ತದೆ! ಆದರೆ ಎರಡು ತಿಂಗಳಿಗೊಮ್ಮೆ ನಿಲ್ಲುತ್ತಿದ್ದರೆ ವರ್ಷಕ್ಕೆ 5,52,000 ರೂಪಾಯಿ ಸೋರಿಹೋಗುತ್ತದೆ, ಎರಡು ವರ್ಷದೊಳಗೆ ರೆಟ್ರೊಫಿಟ್ ತನ್ನ ಹಣ ತಾನೇ ತಂದುಕೊಡುತ್ತದೆ. ಒಂದೊಂದು ಶೆಡ್ಡಿನಲ್ಲೂ ಅಂಕಿಗಳು ಬೇರೆಯಾಗುತ್ತವೆ, ಲೆಕ್ಕದ ಕ್ರಮ ಬದಲಾಗುವುದಿಲ್ಲ. ಈ ಲೆಕ್ಕ ಹಾಕಲು ಒಂದೇ ಒಂದು ಸಾಮಗ್ರಿ ಬೇಕು: ಯಂತ್ರ ಯಾವತ್ತು ನಿಂತಿತು, ಏಕೆ ನಿಂತಿತು, ಎಷ್ಟು ದಿನ ನಿಂತಿತು ಎಂದು ಬರೆದಿಟ್ಟ ಒಂದು ಪುಸ್ತಕ. ಅದಿಲ್ಲದೆ ಮಾಡುವ ತೀರ್ಮಾನವೆಲ್ಲ ಊಹೆ.

ರಿಪೇರಿ ಹೇಳಿ ಕೇಳಿ ಬರುವುದಿಲ್ಲ. ರೆಟ್ರೊಫಿಟ್ಟಿಗೆ ಮುಹೂರ್ತ ಇಡಬಹುದು. ಆರ್ಡರ್ ಕಡಿಮೆಯಿರುವ ತಿಂಗಳಿನಲ್ಲಿ, ಸಾಮಾನೆಲ್ಲ ಮೊದಲೇ ತರಿಸಿಟ್ಟುಕೊಂಡು ಕೈಹಾಕಿದರೆ ನಿಂತ ದಿನಗಳ ನಷ್ಟ ಬಹಳ ತಗ್ಗುತ್ತದೆ. ಯಂತ್ರ ನಿಂತ ಗಾಬರಿಯಲ್ಲಿ ರೆಟ್ರೊಫಿಟ್ಟಿಗೆ ಮುಂಗಡ ಕೊಡುವುದಕ್ಕಿಂತ, ಸಾಧ್ಯವಾದರೆ ರಿಪೇರಿ ಮಾಡಿಸಿ ಆರು ತಿಂಗಳು ಓಡಿಸಿ, ಆ ಅವಧಿಯಲ್ಲಿ ಒಡಲನ್ನು ಅಳೆದು, ತಂತಿಗಳನ್ನು ಗುರುತುಮಾಡಿ, ಆಮೇಲೆ ಬದಲಿಸುವುದು ಜಾಣತನ.

ಕಾಗದ ಮತ್ತು ಜನ

ಕೊನೆಗೆ ಎಲ್ಲವೂ ಬಂದು ನಿಲ್ಲುವುದು ಎರಡು ಸಂಗತಿಗಳ ಮೇಲೆ. ಒಂದು, ಯಂತ್ರದ ಕಾಗದಪತ್ರ: ವಿದ್ಯುತ್ ನಕ್ಷೆ, ಪ್ಯಾರಾಮೀಟರ್ ಪಟ್ಟಿ, ಲ್ಯಾಡರಿನ ಪ್ರತಿ. ಇವು ಕೈಯಲ್ಲಿದ್ದರೆ ರಿಪೇರಿಯೂ ಅಗ್ಗ, ರೆಟ್ರೊಫಿಟ್ಟೂ ಅಗ್ಗ. ಇಲ್ಲದಿದ್ದರೆ ಎರಡೂ ದುಬಾರಿ. ಹಳೆಯ ಕಂಟ್ರೋಲುಗಳಲ್ಲೂ ಪ್ಯಾರಾಮೀಟರುಗಳನ್ನು ಕೇಬಲ್ ಮೂಲಕ ಕಂಪ್ಯೂಟರಿಗೆ ಇಳಿಸಿಕೊಳ್ಳಲು ಸಾಮಾನ್ಯವಾಗಿ ವ್ಯವಸ್ಥೆಯಿದೆ. ಅದಾಗದಿದ್ದರೆ ಪರದೆಯ ಒಂದೊಂದು ಪುಟದ ಫೋಟೋ ಮೊಬೈಲಿನಲ್ಲಿ ತೆಗೆದಿಟ್ಟರೂ ಸಾಕು. ನಮ್ಮ ಶೆಡ್ಡುಗಳಲ್ಲಿ ಆಯುಧಪೂಜೆಗೆ ಯಂತ್ರ ತೊಳೆದು, ಅರಿಶಿನ ಕುಂಕುಮ ಇಟ್ಟು, ಬೂದುಗುಂಬಳಕಾಯಿ ಒಡೆಯುವ ಪದ್ಧತಿ ತಪ್ಪುವುದಿಲ್ಲ. ಅದರ ಹಿಂದಿನ ದಿನ ಯಂತ್ರ ಓಡುತ್ತಿರುವಾಗಲೇ ಬ್ಯಾಟರಿ ಬದಲಿಸಿ, ಪ್ಯಾರಾಮೀಟರುಗಳ ಪ್ರತಿ ತೆಗೆಯುವುದನ್ನೂ ಪದ್ಧತಿ ಮಾಡಿಕೊಂಡರೆ ಎಷ್ಟೋ ಸಂಕಟ ತಪ್ಪುತ್ತದೆ.

ಇನ್ನೊಂದು, ಬಲ್ಲ ಜನ. ಹಳೆಯ ಕಂಟ್ರೋಲನ್ನು ಕಣ್ಣುಮುಚ್ಚಿ ಬಿಚ್ಚಬಲ್ಲ, ಸ್ಲೈಡನ್ನು ಕೈಯಿಂದ ಸ್ಕ್ರೇಪ್ ಮಾಡಬಲ್ಲ ತಲೆಮಾರು ನಿವೃತ್ತಿಯಾಗುತ್ತಿದೆ. ಸಾರ್ವಜನಿಕ ರಂಗದ ಕಾರ್ಖಾನೆಗಳ ತರಬೇತಿ ಶಾಲೆಗಳಲ್ಲಿ ಕಲಿತವರು ಅವರಲ್ಲಿ ಅನೇಕರು. ಅವರ ಕೈ ಇರುವವರೆಗೆ ರಿಪೇರಿಯ ದಾರಿ ತೆರೆದಿರುತ್ತದೆ. ಅವರಿಂದ ಹುಡುಗರು ಕಲಿಯದಿದ್ದರೆ, ಗಟ್ಟಿಮುಟ್ಟಾದ ಯಂತ್ರಗಳೂ ಕೇವಲ ಬಲ್ಲವರಿಲ್ಲವೆಂಬ ಕಾರಣಕ್ಕೆ ಗುಜರಿ ಸೇರುತ್ತವೆ.

ಆದ್ದರಿಂದ ಯಂತ್ರ ನಿಂತ ಮಾಲೀಕ ಕೇಳಿಕೊಳ್ಳಬೇಕಾದ ಪ್ರಶ್ನೆಗಳ ಸರದಿ ಹೀಗಿದೆ. ಒಡಲು ಗಟ್ಟಿಯೇ? ಅಲ್ಲವಾದರೆ, ಒಡಲು ಸರಿಪಡಿಸುವ ಖರ್ಚನ್ನೂ ಸೇರಿಸಿ ಹೊಸ ಯಂತ್ರದ ಬೆಲೆಯೊಂದಿಗೆ ಹೋಲಿಸಬೇಕು. ಗಟ್ಟಿಯೆಂದಾದರೆ, ಕೆಟ್ಟಿರುವುದು ಯಾವ ಭಾಗ? ಅದು ಸಿಗುವಂಥದ್ದಾಗಿದ್ದು, ಸರಿಮಾಡುವವರಿದ್ದು, ಕೈಕೊಡುವುದು ಅಪರೂಪವಾಗಿದ್ದರೆ ರಿಪೇರಿ. ಭಾಗ ಸಿಗದು, ಬಲ್ಲವರಿಲ್ಲ, ಯಂತ್ರ ಪದೇಪದೇ ನಿಲ್ಲುತ್ತದೆ ಎಂದಾದರೆ ಮಾತ್ರ ರೆಟ್ರೊಫಿಟ್. ಅದೂ ಬಿಡುವಿನ ತಿಂಗಳಲ್ಲಿ, ಹೊಸ ಲ್ಯಾಡರಿನ ಪ್ರತಿ ಮತ್ತು ಹೊಸ ವಿದ್ಯುತ್ ನಕ್ಷೆಯನ್ನು ತನ್ನ ಕೈಗೆ ಕೊಡಬೇಕೆಂದು ಬರವಣಿಗೆಯಲ್ಲಿ ಒಪ್ಪಂದ ಮಾಡಿಕೊಂಡು. ಇಂದು ಕೂರಿಸುವ ಹೊಸ ಕಂಟ್ರೋಲೂ ಮುಂದೊಂದು ದಿನ ಹಳೆಯದಾಗಿ ನಿಲ್ಲುತ್ತದೆ. ಆ ದಿನ ಪ್ಯಾನೆಲ್ ಬಾಗಿಲು ತೆರೆದವರಿಗೆ ಕಾಗದ ಸಿಗುವಂತಿರಬೇಕು.